ನಾಯಿಮರಿಗೆ ಚೆಂಡು ತರುವ ಆಟ: ಎಸೆಯುವ ಮೊದಲು ‘ಬಿಡು’ ಕಲಿಸಿ



ಹಸು, ಕುರಿ, ಕೋಳಿ ಬಗ್ಗೆ ಓದೋ ಜಾಗದಲ್ಲಿ ಇದೇನಪ್ಪಾ ನಾಯಿಮರಿ ಆಟ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಾಯಿ ಇಲ್ಲದ ತೋಟದ ಮನೆ ಎಷ್ಟಿವೆ ಹೇಳಿ? ಚೆಂಡು ಎಸೆದು ತರಿಸುವ ಆಟ ಬರೀ ಮಕ್ಕಳ ಖುಷಿಗೆ ಅಂತ ನಾನೂ ಅಂದುಕೊಂಡಿದ್ದೆ. ಅದು ನಾಯಿಯ ಜೀವ ಉಳಿಸುವ ಪಾಠ ಅಂತ ಗೊತ್ತಾಗಿದ್ದು ಒಂದು ನಾಯಿ ಕಳೆದುಕೊಂಡ ಮೇಲೆ.

ನಮ್ಮ ಮನೆ ಕೆಂಗೇರಿ ಉಪನಗರದಲ್ಲಿ. ರಾಮೋಹಳ್ಳಿ ದೊಡ್ಡ ಆಲದ ಮರದ ಕಡೆ ಒಂದು ಎಕರೆ ಜಮೀನಿದೆ. ರಾಗಿ, ಅವರೆ, ಸ್ವಲ್ಪ ಟೊಮೆಟೊ ಹಾಕುತ್ತೇವೆ. ಕೆಂಚ ಅಂತ ನಾಟಿ ನಾಯಿ ಇತ್ತು, ದಿನಾ ನನ್ನ ಜೊತೆ ಜಮೀನಿಗೆ ಬರುತ್ತಿತ್ತು. ಒಂದು ವರ್ಷ ಇಲಿ ಕಾಟ ಹೆಚ್ಚಾಗಿ, ಜಿಂಕ್ ಫಾಸ್ಫೈಡ್ ಬೆರೆಸಿದ ಹಿಟ್ಟಿನ ಉಂಡೆಗಳನ್ನು ಬಿಲಗಳಿಗೆ ಹಾಕಿದ್ದೆ. ಒಂದು ಉಂಡೆ ಹೊರಗೇ ಬಿದ್ದಿತ್ತು. ತಪ್ಪು ನನ್ನದೇ. ಕೆಂಚ ಅದನ್ನು ಬಾಯಿಗೆ ಹಾಕಿಕೊಂಡಿದ್ದು ನೋಡಿ ಕೂಗುತ್ತಾ ಹಿಂದೆ ಓಡಿದೆ. ಅವನು ಬಾಲ ಅಲ್ಲಾಡಿಸುತ್ತಾ ಮುಂದೆ ಓಡಿದ. ಕೈಗೆ ಸಿಗುವಷ್ಟರಲ್ಲಿ ನುಂಗಿಬಿಟ್ಟಿದ್ದ. ಡಾಕ್ಟರ ಹತ್ತಿರ ಕರೆದುಕೊಂಡು ಹೋದರೂ ರಾತ್ರಿ ಉಳಿಯಲಿಲ್ಲ. ಈ ವಿಷಕ್ಕೆ ಪ್ರತಿವಿಷ ಇಲ್ಲ.

ಅವನು ಯಾಕೆ ಓಡಿದ ಅಂತ ಆಮೇಲೆ ಯೋಚಿಸಿದೆ. ಮರಿ ಇದ್ದಾಗಿಂದ ಅವನು ಚಪ್ಪಲಿ ಕಚ್ಚಿಕೊಂಡು ಓಡಿದರೆ ಮನೆಮಂದಿಯೆಲ್ಲ ನಗುತ್ತಾ ಹಿಂದೆ ಓಡುತ್ತಿದ್ದೆವು. ಬಾಯಲ್ಲಿ ಏನಾದರೂ ಇದ್ದಾಗ ಯಜಮಾನ ಬಂದರೆ ಓಡಬೇಕು, ಇಲ್ಲಾ ನುಂಗಬೇಕು ಅಂತ ಅವನಿಗೆ ನಾವೇ ಕಲಿಸಿದ್ದೆವು. ಹೊಸ ಮರಿ ತಂದಾಗ ಈ ತಪ್ಪು ತಿದ್ದಿಕೊಂಡೆ. ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಎಲ್ಲ ನಾಯಿಗೂ ಒಂದೇ ಬುದ್ಧಿ ಅಲ್ಲ

ಈ ಆಟದಲ್ಲಿ ಮೂರು ಕೆಲಸ ಇವೆ: ಅಟ್ಟಿಸಿಕೊಂಡು ಹೋಗುವುದು, ಬಾಯಲ್ಲಿ ಹಿಡಿಯುವುದು, ತಂದು ಕೊಡುವುದು. ಮೊದಲ ಎರಡು ಹೆಚ್ಚಿನ ಮರಿಗಳಿಗೆ ತಾನಾಗಿಯೇ ಬರುತ್ತವೆ. ಮೂರನೆಯದನ್ನು ಕಲಿಸಬೇಕು. ಲ್ಯಾಬ್ರಡಾರ್ ತಳಿಯನ್ನು ಬೇಟೆಗಾರರು ಹೊಡೆದ ಹಕ್ಕಿಯನ್ನು ಎತ್ತಿ ತರಲೆಂದೇ ಬೆಳೆಸಿದ್ದು, ಹಾಗಾಗಿ ಅದು ಬೇಗ ಕಲಿಯುತ್ತೆ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಕಥೆ ಬೇರೆ. ಕಣ್ಣಿಂದಲೇ ಬೇಟೆ ಗುರುತಿಸಿ, ಓಡಿ ಹಿಡಿಯೋದು ಅದರ ರಕ್ತದಲ್ಲಿದೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತ್ತು. ಇಂಥ ನಾಯಿ ಚೆಂಡಿನ ಹಿಂದೆ ಬಾಣದ ಹಾಗೆ ಹೋಗಿ, ಅಲ್ಲೇ ಬಿಟ್ಟು ಬಂದರೆ ದಡ್ಡ ಅನ್ನಬೇಡಿ. ನಾಟಿ ಮರಿಗಳಲ್ಲಿ ಎರಡೂ ಥರ ಇರುತ್ತವೆ. ತಾಳ್ಮೆ ಇದ್ದರೆ ಎಲ್ಲವೂ ಕಲಿಯುತ್ತವೆ.

ಏನು ಎಸೆಯಬೇಕು, ಏನು ಎಸೆಯಬಾರದು

ಹಳೇ ಹತ್ತಿ ಬಟ್ಟೆಯನ್ನು ಬಿಗಿಯಾಗಿ ಗಂಟು ಹಾಕಿದರೆ ಸಾಕು. ಅಂಥವೇ ಎರಡು ಇರಲಿ. ಚೆಂಡಾದರೆ ಮೆತ್ತಗಿನ ರಬ್ಬರಿನದು, ಮರಿಯ ಗಂಟಲಿಗೆ ಇಳಿಯದಷ್ಟು ದೊಡ್ಡದು. ಕಲ್ಲು, ಕ್ರಿಕೆಟ್ ಚೆಂಡು ಬೇಡ, ಹಲ್ಲು ಮುರಿಯುತ್ತೆ. ಕಡ್ಡಿ ಬಾಯಿಗೆ, ಗಂಟಲಿಗೆ ಚುಚ್ಚುತ್ತೆ. ಮುಸುಕಿನ ಜೋಳದ ದಿಂಡು, ಮಾವಿನ ಓಟೆ ನಮ್ಮ ತೋಟಗಳಲ್ಲಿ ಬಿದ್ದಿರುತ್ತವೆ. ಇವನ್ನು ನುಂಗಿದರೆ ಕರುಳಲ್ಲಿ ಸಿಕ್ಕಿಕೊಂಡು ಆಪರೇಷನ್ ಮಾಡಿಸೋ ಹಾಗೆ ಆಗಬಹುದು. ಹಳೇ ಚಪ್ಪಲಿಯನ್ನೂ ಕೊಡಬೇಡಿ. ಹಳೇದು ಯಾವುದು, ಹೊಸದು ಯಾವುದು ಅಂತ ಮರಿಗೆ ಗೊತ್ತಾಗೋದಿಲ್ಲ.

ಬಹುಮಾನಕ್ಕೆ ಉಪ್ಪು, ಖಾರ ಹಾಕದೆ ಬೇಯಿಸಿದ ಕೋಳಿ ಮಾಂಸ ಅಥವಾ ಮೊಟ್ಟೆಯ ಚೂರು, ಅವರೆಕಾಳಿನಷ್ಟು. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ.

ಕಲಿಸುವ ಕ್ರಮ

ಎರಡು ತಿಂಗಳು ತುಂಬಿದ ಮೇಲೆ ಮನೆ ಒಳಗೇ ಶುರು ಮಾಡಬಹುದು. ಒಂದು ಸಲಕ್ಕೆ ಮೂರು ನಿಮಿಷ, ದಿನಕ್ಕೆ ಎರಡು ಸಲ. ಅಷ್ಟೇ.

1. ಮೊದಲು ‘ಬಿಡು’. ಮರಿ ಬಟ್ಟೆ ಗಂಟನ್ನು ಕಚ್ಚಿಕೊಂಡಿರುವಾಗ ಮೂಗಿನ ಹತ್ತಿರ ತಿಂಡಿ ಚೂರು ಹಿಡಿಯಿರಿ. ತಿಂಡಿಗಾಗಿ ಬಾಯಿ ತೆರೆದ ತಕ್ಷಣ ‘ಬಿಡು’ ಅನ್ನಿ, ಚೂರು ಕೊಡಿ. ಆಮೇಲೆ ಗಂಟನ್ನು ಮತ್ತೆ ಅದಕ್ಕೇ ವಾಪಸ್ ಕೊಡಿ. ಈ ವಾಪಸ್ ಕೊಡೋದೇ ಮುಖ್ಯ. ಬಿಟ್ಟರೆ ನಷ್ಟ ಇಲ್ಲ ಅಂತ ಮರಿಗೆ ನಂಬಿಕೆ ಬರಬೇಕು. ನಾಲ್ಕೈದು ದಿನ ಇಷ್ಟೇ ಮಾಡಿ. ಬಿಡು ಅಂದಾಗ ಬಿಡೋದು ಅಭ್ಯಾಸ ಆದ ಮೇಲೆ ಮೊದಲು ಹೇಳಿ, ಆಮೇಲೆ ತಿಂಡಿ ತೋರಿಸಿ.

2. ಆಮೇಲೆ ಹತ್ತಿರದ ಎಸೆತ. ಮೂರು ಅಡಿ ದೂರಕ್ಕೆ ಉರುಳಿಸಿ. ರಾಜಾಜಿನಗರ, ವಿಜಯನಗರದ ಕಡೆ ಇದ್ದು ಭಾನುವಾರ ಮಾತ್ರ ತೋಟಕ್ಕೆ ಬರುವ ಸ್ನೇಹಿತರು ಜಾಗ ಇಲ್ಲ ಅಂತಾರೆ. ನಿಮ್ಮ ಮನೆಯ ಕಿರಿದಾದ ಪ್ಯಾಸೇಜೇ ಒಳ್ಳೇ ಜಾಗ. ಒಂದು ತುದಿ ಮುಚ್ಚಿರಲಿ, ಇನ್ನೊಂದು ತುದಿಯಲ್ಲಿ ನೀವು ಕೂತಿರಿ. ಮರಿ ವಾಪಸ್ ಬಂದರೆ ನಿಮ್ಮ ಹತ್ತಿರವೇ ಬರಬೇಕು.

3. ಎತ್ತಿಕೊಂಡ ಕೂಡಲೇ ಕರೆಯಿರಿ. ಕೆಳಗೆ ಕೂತು, ಖುಷಿಯ ದನಿಯಲ್ಲಿ ‘ತಗೊಂಬಾ’ ಅನ್ನಿ. ಬಂದ ತಕ್ಷಣ ಬಾಯಿಗೆ ಕೈ ಹಾಕಬೇಡಿ. ಮೊದಲು ಬೆನ್ನು ಸವರಿ, ಆಮೇಲೆ ‘ಬಿಡು’.

4. ಬರದೆ ಓಡಿದರೆ ಹಿಂದೆ ಹೋಗಬೇಡಿ. ನೀವೇ ತಿರುಗಿ ಎರಡು ಹೆಜ್ಜೆ ಓಡಿ, ಮರಿ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತೆ. ಅಥವಾ ಎರಡನೇ ಗಂಟನ್ನು ತೋರಿಸಿ. ಹಾಗೂ ಬಾರದಿದ್ದರೆ ಬೆಲ್ಟಿಗೆ ತೆಳು ಹಗ್ಗ ಕಟ್ಟಿ ಆಡಿಸಿ. ಹಗ್ಗ ಹಿಡಿದಿದ್ದರೆ ದೂರ ಹೋಗೋದಿಲ್ಲ, ಆದರೆ ಜಗ್ಗಬೇಡಿ.

5. ಮರಿಗೆ ಇನ್ನೂ ಆಸೆ ಇರುವಾಗಲೇ ಆಟ ನಿಲ್ಲಿಸಿ. ಐದು ಎಸೆತ ಸಾಕು.

ಎಚ್ಚರಿಕೆಗಳು

ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬೀಳುತ್ತವೆ, ಒಸಡು ನೋಯುತ್ತೆ. ಆಗ ಗಂಟನ್ನು ಹಿಡಿದು ಎಳೆದಾಡಬೇಡಿ. ಒಂದು ವರ್ಷದವರೆಗೆ ಮೇಲಕ್ಕೆ ನೆಗೆಯುವ ಹಾಗೆ ಎಸೆಯಬೇಡಿ, ಮೂಳೆ ಇನ್ನೂ ಬೆಳೆಯುತ್ತಿರುತ್ತೆ. ಬಿಸಿಲಲ್ಲಿ ಬೇಡ, ಬೆಳಗ್ಗೆ ಅಥವಾ ಸಂಜೆ ಆಡಿಸಿ. ಲಸಿಕೆಗಳ ಕೋರ್ಸ್ ಮುಗಿಯುವವರೆಗೆ ಬೀದಿಗೆ, ಪಾರ್ಕಿಗೆ ಇಳಿಸಬೇಡಿ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ತಪ್ಪಿಸಬೇಡಿ. ನಮ್ಮ ಕಡೆಯವರಿಗೆ ಇನ್ನೊಂದು ಮಾತು: ವೃಷಭಾವತಿ ದಡದಲ್ಲಿ ಚೆಂಡು ಎಸೆಯಲೇಬೇಡಿ. ಆ ಕೊಳಚೆ ನೀರು ಮರಿಯ ಬಾಯಿಗೆ ಹೋಗಬಾರದು.

ಒಂದು ವೇಳೆ ನಾಯಿ ಇಲಿಪಾಷಾಣ ತಿಂದರೆ ಕಾಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಅನ್ನ, ಹಾಲು ಏನೂ ಕೊಡಬೇಡಿ. ಜಿಂಕ್ ಫಾಸ್ಫೈಡ್ ಆದರೆ ಹೊಟ್ಟೆಯ ಆಮ್ಲದ ಜೊತೆ ಸೇರಿ ವಿಷದ ಗಾಳಿ ಆಗುತ್ತೆ, ಊಟ ಹಾಕಿದರೆ ಅದು ಹೆಚ್ಚುತ್ತೆ. ನಾಯಿ ವಾಂತಿ ಮಾಡಿದರೆ ಆ ಗಾಳಿ ನಮಗೂ ಅಪಾಯ, ಗಾಡಿಯ ಕಿಟಕಿ ತೆಗೆದಿಡಿ. ಪೊಟ್ಟಣವನ್ನೂ ತೆಗೆದುಕೊಂಡು ನೇರ ಪಶುವೈದ್ಯರ ಹತ್ತಿರ ಹೋಗಿ. ಬ್ರೊಮಾಡಿಯೊಲೋನ್ ಬಿಲ್ಲೆ ತಿಂದಿದ್ದರೆ ಲಕ್ಷಣ ಕೆಲವು ದಿನ ಬಿಟ್ಟು ಕಾಣುತ್ತವೆ. ಅದಕ್ಕೆ ವಿಟಮಿನ್ ಕೆ1 ಔಷಧಿ ಇದೆ. ಅದಕ್ಕೇ ಯಾವ ವಿಷ ಅಂತ ಡಾಕ್ಟರಿಗೆ ಗೊತ್ತಾಗಬೇಕು.

ನನ್ನ ಅನುಭವ

ಹೊಸ ಮರಿಯ ಹೆಸರು ಗುಂಡ. ಅವನಿಗೆ ಐದು ತಿಂಗಳಾಗಿದ್ದಾಗ ಒಂದು ದಿನ ಟೊಮೆಟೊಗೆ ಔಷಧಿ ಹೊಡೆದು ಕೈಕಾಲು ತೊಳೆಯುತ್ತಿದ್ದೆ. ತಿರುಗಿ ನೋಡಿದರೆ ಬದುವಿನ ಮೇಲೆ ಗುಂಡ, ಬಾಯಲ್ಲಿ ಔಷಧಿಯ ಖಾಲಿ ಪೊಟ್ಟಣ. ಎದೆ ಧಸಕ್ ಅಂತು. ಕಾಲು ಓಡೋಕೆ ಹೊರಟಿದ್ದನ್ನು ಕಷ್ಟಪಟ್ಟು ತಡೆದೆ. ಅಲ್ಲೇ ಕುಕ್ಕರಗಾಲಲ್ಲಿ ಕೂತು, ದನಿ ನಡುಗದ ಹಾಗೆ ‘ಗುಂಡ, ತಗೊಂಬಾ’ ಅಂದೆ. ಒಂದು ಕ್ಷಣ ನಿಂತು ನೋಡಿದ, ಆಮೇಲೆ ಕುಣಿಯುತ್ತಾ ಬಂದ. ‘ಬಿಡು’ ಅಂದೆ. ನನ್ನ ಕಾಲ ಹತ್ತಿರ ಬೀಳಿಸಿ, ಬಹುಮಾನ ಎಲ್ಲಿ ಅಂತ ಮುಖ ನೋಡಿದ. ಬಾಯಿ ಚೆನ್ನಾಗಿ ತೊಳೆದು ಡಾಕ್ಟರಿಗೆ ತೋರಿಸಿದೆ. ಏನೂ ಆಗಲಿಲ್ಲ.

ಆಟ ಕಲಿತಿದೆ ಅಂತ ವಿಷವನ್ನು ಎಲ್ಲೆಂದರಲ್ಲಿ ಇಡೋ ಹಾಗಿಲ್ಲ. ಈಗ ನಮ್ಮಲ್ಲಿ ಔಷಧಿ, ಖಾಲಿ ಪೊಟ್ಟಣ ಎಲ್ಲಾ ಬೀಗದ ಪೆಟ್ಟಿಗೆಯಲ್ಲಿ. ಆದರೆ ಎಷ್ಟೇ ಜೋಪಾನ ಮಾಡಿದರೂ ಒಂದು ದಿನ ಕಣ್ಣು ತಪ್ಪುತ್ತೆ. ಆ ದಿನಕ್ಕೆ ಈ ಪಾಠ.

ನಿಮ್ಮ ಮನೆಗೆ ಮರಿ ಬಂದಿದ್ದರೆ ಇವತ್ತು ಸಂಜೆಯೇ ಒಂದು ಹಳೇ ಟವೆಲ್‌ಗೆ ಗಂಟು ಹಾಕಿ. ಮೂರು ನಿಮಿಷ ಸಾಕು.