ಮನವಿಯ ಕನ್ನಡ, ಮನೆಯ ಕನ್ನಡ

ತರಗತಿಯಲ್ಲಿ ಪತ್ರಲೇಖನದ ಅಭ್ಯಾಸ ಕೊಟ್ಟಾಗಲೆಲ್ಲ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಜಿಲ್ಲಾಧಿಕಾರಿಗಳಿಗೆ ಮನವಿ ಬರೆಯಿರಿ ಎಂದೊಡನೆ ವಿದ್ಯಾರ್ಥಿಗಳ ಬೆನ್ನು ಬಾಗುತ್ತದೆ. ಬಡವರು, ದೀನರು, ಕೃಪಾದೃಷ್ಟಿ ಮೊದಲಾದ ಮಾತುಗಳು ಸಾಲುಗಟ್ಟುತ್ತವೆ. ಗೆಳೆಯನಿಗೆ ಬರೆಯಿರಿ ಎಂದರೆ ಅದೇ ವಿದ್ಯಾರ್ಥಿಗಳು ‘ಪ್ರಿಯ ಮಿತ್ರನೇ, ನಾನು ಇಲ್ಲಿ ಕ್ಷೇಮದಿಂದಿರುವೆನು’ ಎಂದು ಪಠ್ಯಪುಸ್ತಕದ ಧ್ವನಿಯಲ್ಲಿ ಆರಂಭಿಸುತ್ತಾರೆ. ವ್ಯಾಕರಣದ ದೃಷ್ಟಿಯಿಂದ ಎರಡರಲ್ಲಿಯೂ ದೋಷವಿಲ್ಲ. ಆದರೆ ಎದುರಿಗಿರುವ ಓದುಗನು ಯಾರೆಂಬುದನ್ನು ಎರಡೂ ಮರೆತಿವೆ.

ಔಪಚಾರಿಕ ಶೈಲಿಯೆಂದರೆ ಭಾರವಾದ ಪದಗಳ ಶೈಲಿ, ಅನೌಪಚಾರಿಕವೆಂದರೆ ಲಂಗುಲಗಾಮಿಲ್ಲದ ಬರಹ ಎಂಬ ತಿಳಿವಳಿಕೆಯೇ ಇದಕ್ಕೆ ಕಾರಣವೆಂದು ತೋರುತ್ತದೆ. 11ನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ವಾದಿಸಿದನು. ಕಾವ್ಯಕ್ಕೆ ಹೇಳಿದ ಈ ಮಾತು ಅರ್ಜಿಗೂ ಸಲ್ಲುತ್ತದೆ. ಓದುವವರು ಯಾರು, ಓದಿದ ಬಳಿಕ ಅವರು ಏನು ಮಾಡಬೇಕು ಎಂಬೆರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಶೈಲಿಯ ಆಯ್ಕೆ ಬಹುಮಟ್ಟಿಗೆ ಮುಗಿದಂತೆ.

ಕಾಸರಗೋಡಿನ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ಸಪ್ತಭಾಷಾ ಸಂಗಮಭೂಮಿಯೆಂದು ನಾವು ಹೆಮ್ಮೆಯಿಂದ ಕರೆಯುವ ಈ ನೆಲದಲ್ಲಿ ಅನೇಕರ ಮನೆಮಾತು ತುಳು, ಕೊಂಕಣಿ, ಮಲಯಾಳ, ಬ್ಯಾರಿ ಅಥವಾ ಮರಾಠಿ. ಕನ್ನಡವೇ ಮನೆಮಾತಾದ ಹವ್ಯಕರಲ್ಲಿಯೂ ಅದರ ರೂಪ ಬೇರೆ. ಬರೆಯುವ ಕನ್ನಡ ನಮಗೆ ಶಾಲೆಯಿಂದ ಬಂದದ್ದು. ಆದುದರಿಂದ ಕನ್ನಡವೆಂದರೆ ನಮ್ಮಲ್ಲಿ ಹಲವರಿಗೆ ಹುಟ್ಟಿನಿಂದಲೇ ಔಪಚಾರಿಕ ಭಾಷೆ. ಘಟ್ಟದ ಮೇಲಿನವರು ನಮ್ಮದು ಪುಸ್ತಕದ ಕನ್ನಡವೆಂದು ನಗುವುದುಂಟು. ನಗಲಿ, ಅದರಿಂದ ನಷ್ಟವಿಲ್ಲ. ಅಧಿಕಾರಿಗೂ ಅಮ್ಮನಿಗೂ ಗೆಳೆಯನಿಗೂ ನಾವು ಒಂದೇ ಕನ್ನಡವನ್ನು ಬಳಸುವುದರಿಂದ ಮಾತ್ರ ನಷ್ಟವಿದೆ.

ಉದಾಹರಣೆಗೆ, ಶಾಲೆಯೊಂದರ ನಾಲ್ಕನೇ ತರಗತಿಯ ಕನ್ನಡ ಮಾಧ್ಯಮ ವಿಭಾಗಕ್ಕೆ ಕನ್ನಡ ಬಾರದ ಅಧ್ಯಾಪಕರು ನೇಮಕಗೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಈ ಜಿಲ್ಲೆಯವರಿಗೆ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟವೇನಲ್ಲ. ರಕ್ಷಕರ ಪರವಾಗಿ ಮನವಿ ಬರೆಯಬೇಕು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುವ ಬಗೆ ಹೀಗಿರುತ್ತದೆ:

‘ಪರಮಪೂಜ್ಯರಾದ ತಮ್ಮ ಸನ್ನಿಧಿಯಲ್ಲಿ ಬಡ ರಕ್ಷಕರಾದ ನಾವು ಬಿನ್ನವಿಸಿಕೊಳ್ಳುವುದೇನೆಂದರೆ, ಕನ್ನಡಾಂಬೆಯ ಕಂದಮ್ಮಗಳ ಭವಿಷ್ಯವು ಅಂಧಕಾರದಲ್ಲಿ ಮುಳುಗಿಸಲ್ಪಟ್ಟಿದ್ದು, ತಾವು ಕೃಪೆದೋರಿ ನಮಗೊಂದು ಅವಕಾಶ ಕಲ್ಪಿಸಿಕೊಡಬೇಕು.’

ಇದನ್ನು ಓದಿದ ಅಧಿಕಾರಿಗೆ ಯಾವ ತರಗತಿ, ಎಂದಿನಿಂದ, ಎಷ್ಟು ಮಕ್ಕಳು, ತಾನು ಮಾಡಬೇಕಾದುದೇನು ಎಂಬುದೊಂದೂ ತಿಳಿಯುವುದಿಲ್ಲ. ‘ಮುಳುಗಿಸಲ್ಪಟ್ಟಿದೆ’ ಎಂಬ ಕರ್ಮಣಿ ಪ್ರಯೋಗ ಮಾಡಿದವರನ್ನೂ ಆದದ್ದನ್ನೂ ಒಟ್ಟಿಗೇ ಮರೆಮಾಡಿದೆ. ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲಿ ಕೃಪೆ ಬೇಡಲಾಗಿದೆ. ಸಂವಿಧಾನದ 350ನೆಯ ವಿಧಿಯು ಒಕ್ಕೂಟದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬರಿಗೂ ನೀಡಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂಬ 350ಎ ವಿಧಿ ಸೇರ್ಪಡೆಯಾದದ್ದು 1956ರ ಏಳನೆಯ ತಿದ್ದುಪಡಿಯಲ್ಲಿ. ಅಂದರೆ ಕಾಸರಗೋಡು ಕೇರಳಕ್ಕೆ ಸೇರಿದ ವರ್ಷದಲ್ಲಿಯೇ. ಹಕ್ಕಿನ ಆಧಾರವಿರುವಲ್ಲಿ ಭಿಕ್ಷೆಯ ಧಾಟಿ ಸಲ್ಲದು. ಹಾಗೆಂದು ಸೌಜನ್ಯವನ್ನು ಬಿಡಬೇಕಾಗಿಲ್ಲ. ‘ಮಾನ್ಯರೇ’, ‘ತಾವು’, ‘ವಿನಂತಿ’ ಇವಿಷ್ಟೂ ಇರಲಿ:

‘ಮಾನ್ಯರೇ, ನಮ್ಮ ಶಾಲೆಯ ನಾಲ್ಕನೇ ತರಗತಿಯ ಕನ್ನಡ ಮಾಧ್ಯಮ ವಿಭಾಗದಲ್ಲಿ 23 ಮಕ್ಕಳಿದ್ದಾರೆ. ಜೂನ್ 10ರಂದು ಈ ತರಗತಿಗೆ ನೇಮಕಗೊಂಡ ಅಧ್ಯಾಪಕರಿಗೆ ಕನ್ನಡ ಓದಲು, ಬರೆಯಲು ತಿಳಿದಿಲ್ಲ. ವೈಯಕ್ತಿಕವಾಗಿ ಅವರ ಮೇಲೆ ನಮಗೆ ದೂರಿಲ್ಲ. ಆದರೆ ಪಾಠಗಳು ಮಕ್ಕಳಿಗೆ ಅರ್ಥವಾಗುತ್ತಿಲ್ಲ. ಈ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರನ್ನು ತಾವು ನೇಮಿಸಬೇಕೆಂದು ವಿನಂತಿಸುತ್ತೇವೆ.’

ಅಂಕಿಗಳು ಕಲ್ಪಿತ. ಆದರೆ ಅಂಕಿಗಳು ಇರಲೇಬೇಕು. ಅಧ್ಯಾಪಕರ ಮೇಲೆ ದೂರಿಲ್ಲವೆಂಬ ವಾಕ್ಯವೂ ಅಲಂಕಾರಕ್ಕಾಗಿ ಬಂದುದಲ್ಲ. ಕಳುಹಿಸಿದಲ್ಲಿಗೆ ಬಂದ ಒಬ್ಬ ನೌಕರನನ್ನು ಮನವಿಯಲ್ಲಿ ಅಪರಾಧಿಯಾಗಿಸಿದರೆ ವಿಷಯ ವ್ಯಕ್ತಿಗಳ ಜಗಳವಾಗಿಬಿಡುತ್ತದೆ.

ಈ ಮನವಿಯ ವಾಕ್ಯಗಳು ಚಿಕ್ಕವಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಗಡಿನಾಡಿನ ಕನ್ನಡ ಮನವಿಗೆ ಅನೇಕ ವೇಳೆ ಇಬ್ಬರು ಓದುಗರು: ಅದನ್ನು ಮಲಯಾಳಕ್ಕೆ ತರುವವರು ಒಬ್ಬರು, ತೀರ್ಮಾನಿಸುವವರು ಇನ್ನೊಬ್ಬರು. ಮೊದಲನೆಯವರಿಗೆ ಅರ್ಥವಾಗದ ವಾಕ್ಯ ಎರಡನೆಯವರನ್ನು ತಲುಪುವುದೇ ಇಲ್ಲ. ಸಂಸ್ಕೃತ ಪದ ಬಳಸಿದರೆ ಎರಡೂ ಭಾಷೆಗಳಲ್ಲಿ ನಡೆಯುತ್ತದೆಂದು ನಂಬುವವರಿದ್ದಾರೆ. ಆ ನಂಬಿಕೆ ಅಪಾಯಕರ. ಕನ್ನಡದ ‘ಅವಕಾಶ’ ಸಂದರ್ಭವನ್ನು, ಅನುಕೂಲವನ್ನು ಹೇಳಿದರೆ ಮಲಯಾಳದ ‘ಅವಕಾಶಂ’ ಹಕ್ಕನ್ನು ಹೇಳುತ್ತದೆ. ನಮ್ಮ ಅವಕಾಶಕ್ಕೆ ಅಲ್ಲಿ ‘ಅವಸರಂ’ ಎನ್ನುತ್ತಾರೆ. ನಮ್ಮಲ್ಲಿ ಅವಸರವೆಂದರೆ ಆತುರ. ನಮ್ಮ ‘ಅನುವಾದ’ ಭಾಷಾಂತರ, ಅವರ ‘ಅನುವಾದಂ’ ಅನುಮತಿ. ಅಲ್ಲಿ ‘ಅಪೇಕ್ಷ’ ಎಂದರೆ ಅರ್ಜಿ; ಇಲ್ಲಿ ಅಪೇಕ್ಷೆ ಬರಿಯ ಬಯಕೆ. ಯಕ್ಷಗಾನದ ನಮ್ಮ ‘ಪ್ರಸಂಗ’ ಅವರಲ್ಲಿ ಭಾಷಣವಾಗುತ್ತದೆ. ಇವು ಸ್ವಾರಸ್ಯಕ್ಕಾಗಿ ಹೇಳಿದ ಮಾತುಗಳಲ್ಲ. ಎರಡು ಭಾಷೆಗಳ ನಡುವೆ ಬದುಕುವ ವಿದ್ಯಾರ್ಥಿಯ ಕನ್ನಡದಲ್ಲಿ ‘ಅಪೇಕ್ಷೆ ಸಲ್ಲಿಸಿದ್ದೇನೆ’ ಎಂಬ ವಾಕ್ಯ ಸಲೀಸಾಗಿ ನುಸುಳುತ್ತದೆ. ಮನವಿಯಲ್ಲಿ ಹಕ್ಕನ್ನು ಹೇಳಬೇಕಾದಲ್ಲಿ ‘ಹಕ್ಕು’ ಎಂದೇ ಬರೆಯಬೇಕು.

ಅದೇ ವಿಷಯದ ಬಗ್ಗೆ ರಕ್ಷಕರಿಗೆ ಸೂಚನೆ ಕಳುಹಿಸುವಾಗ ಮನವಿಯ ಧ್ವನಿ ಸಾಲದು. ‘ಸದರಿ ಸಭೆಗೆ ಸಕಲ ರಕ್ಷಕರೂ ತಪ್ಪದೆ ಹಾಜರಾಗತಕ್ಕದ್ದು’ ಎಂಬ ಬರಹವನ್ನು ಕೆಲಸದ ನಡುವೆ ಕೈಗೆತ್ತಿಕೊಂಡ ತಾಯಿಗೆ ಅದು ಆಜ್ಞೆಯಾಗಿ ಕೇಳಿಸುತ್ತದೆಯೇ ಹೊರತು ಕರೆಯಾಗಿ ಅಲ್ಲ. ‘ನಾಲ್ಕನೇ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಮನವಿ ಕೊಡಲಿದ್ದೇವೆ. ಅದಕ್ಕೆ ನಿಮ್ಮ ಸಹಿ ಹಾಕಲಿಕ್ಕಿದೆ. ಶನಿವಾರ ಮಧ್ಯಾಹ್ನ 3 ಗಂಟೆಗೆ ಶಾಲೆಗೆ ಬನ್ನಿ’ ಎಂದರೆ ಸಾಕು. ‘ಹಾಕಲಿಕ್ಕಿದೆ’ ಎಂಬುದು ಕರಾವಳಿಯ ಬಳಕೆ. ಸೂಚನೆಯಲ್ಲಿ ಅದು ಹತ್ತಿರದ ಮಾತಾಗುತ್ತದೆ. ಕಚೇರಿಯ ಪತ್ರದಲ್ಲಿ ‘ಹಾಕಬೇಕಾಗಿದೆ’ ಎಂಬ ರೂಪವೇ ಒಳ್ಳೆಯದು.

ಇನ್ನು ಆತ್ಮೀಯ ಪತ್ರ. ನಮ್ಮ ಹಿರಿಯರ ಪತ್ರಗಳಲ್ಲಿ ‘ತೀರ್ಥರೂಪು’, ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಒಕ್ಕಣೆ ಅಂಗಳದಂತೆ ಇರುತ್ತಿತ್ತು. ಅದನ್ನು ದಾಟಿದರೆ ಒಳಗೆ ಮಳೆ, ಅಡಕೆಯ ಧಾರಣೆ, ಕರು ಹಾಕಿದ ಹಸು. ಅಂಗಳದಲ್ಲಿಯೇ ಇಡೀ ಪತ್ರವನ್ನು ಮುಗಿಸುವುದು ಇಂದಿನ ವಿದ್ಯಾರ್ಥಿಗಳ ತಪ್ಪು. ಗೆಳೆಯನಿಗೆ ಹೀಗೆ ಬರೆಯಬಹುದು:

‘ಮಾರಾಯ, ತಮ್ಮನ ಕ್ಲಾಸಿಗೆ ಬಂದ ಮಾಷ್ಟ್ರಿಗೆ ಕನ್ನಡ ಗೊತ್ತಿಲ್ಲ. ಪಾಪ, ಅವರದ್ದೂ ತಪ್ಪಲ್ಲ. ಇವ ಮನೆಗೆ ಬಂದು ಭಾಗಾಕಾರ ಅಂದರೆ ಎಂತ ಅಂತ ಅಪ್ಪನ ಹತ್ರ ಕೇಳ್ತಾನೆ. ಅಪ್ಪ ನನ್ನ ಮುಖ ನೋಡ್ತಾರೆ.’

ಇಲ್ಲಿ ಅಂಧಕಾರವೂ ಇಲ್ಲ, ಕನ್ನಡಾಂಬೆಯೂ ಇಲ್ಲ. ಆದರೂ ಮನವಿಗೆ ಬೇಕಾಗಿದ್ದ ಅತ್ಯಂತ ಬಲವಾದ ಸಂಗತಿ ಹೊರಬಿದ್ದಿದೆ. ‘ತರಗತಿಯಲ್ಲಿ ಅರ್ಥವಾಗದ ಭಾಗಾಕಾರವನ್ನು ಮಕ್ಕಳು ಮನೆಯಲ್ಲಿ ಕೇಳಿ ಕಲಿಯಬೇಕಾಗಿದೆ’ ಎಂದು ಅದನ್ನು ಮನವಿಗೆ ತಂದರೆ ‘ಪಾಠಗಳು ಅರ್ಥವಾಗುತ್ತಿಲ್ಲ’ ಎಂಬ ಬೋಳು ವಾಕ್ಯಕ್ಕೆ ಜೀವ ಬರುತ್ತದೆ. ಆದುದರಿಂದ ಮನವಿ ಬರೆಯಬೇಕಾದಾಗ ಮೊದಲು ಆತ್ಮೀಯರಿಗೆ ಹೇಳುವಂತೆ ಒಂದು ಪುಟ ಬರೆದುಕೊಳ್ಳುವುದು ಒಳ್ಳೆಯದು. ಮನೆಮಾತು ತುಳುವಾಗಿದ್ದರೆ ಆ ಪುಟವನ್ನು ಕನ್ನಡ ಲಿಪಿಯಲ್ಲಿ ತುಳುವಿನಲ್ಲಿಯೇ ಬರೆಯಬಹುದು. ಅದನ್ನು ಪರೀಕ್ಷಕರು ನೋಡುವುದಿಲ್ಲ.

ಅಭ್ಯಾಸಕ್ಕಾಗಿ: ನಿಮ್ಮೂರಿಗೆ ಬರುವ ಬಸ್ಸಿನ ನಾಮಫಲಕದಲ್ಲಿ ಕನ್ನಡವಿಲ್ಲ, ಅಕ್ಷರ ಗುರುತಿಸಲಾಗದೆ ಅಜ್ಜಿಯೊಬ್ಬರು ಬೇರೆ ಬಸ್ಸು ಹತ್ತಿದ್ದಾರೆ ಎಂದು ಭಾವಿಸಿ. ಈ ಸಂಗತಿಯನ್ನು ಸಾರಿಗೆ ಅಧಿಕಾರಿಗೆ, ಪತ್ರಿಕೆಯ ಸಂಪಾದಕರಿಗೆ ಹಾಗೂ ಮಂಗಳೂರಿನಲ್ಲಿ ಓದುತ್ತಿರುವ ನಿಮ್ಮ ಅಕ್ಕನಿಗೆ ಬೇರೆ ಬೇರೆಯಾಗಿ ಬರೆದು ವಿಭಾಗಕ್ಕೆ ತರಬೇಕು. ಅಕ್ಕನಿಗೆ ಬರೆದ ಪತ್ರವನ್ನು ಮೊದಲು ಓದಲಾಗುವುದು.