ಪಿಎಚ್.ಡಿ.ಗೆ ಮೊದಲು ಒಂದು ಪ್ರಶ್ನೆ

ತಮ್ಮಾ, ತಂಗೀ,

ಎಂ.ಟೆಕ್ ಮುಗಿಯಿತು, ಮುಂದೆ ಪಿಎಚ್.ಡಿ. ಮಾಡಲೇ ಎಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮಕ್ಕಳು ಕೇಳುತ್ತೀರಿ. ಯಾಕೆ ಎಂದು ತಿರುಗಿ ಕೇಳಿದರೆ ಬರುವ ಉತ್ತರ ಹೆಚ್ಚಾಗಿ ಎರಡೇ: ಕಾಲೇಜಿನಲ್ಲಿ ಬಡ್ತಿ, ಇಲ್ಲವೇ ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ‘ಡಾ.’. ಎರಡೂ ತಪ್ಪಲ್ಲ, ಆದರೆ ನಾಲ್ಕೈದು ವರ್ಷ ಒಂದೇ ಕೆಲಸಕ್ಕೆ ಅಂಟಿಕೊಂಡು ಕೂರಲು ಅವು ಸಾಲವು. ಮೂರನೇ ವರ್ಷ ಪ್ರಯೋಗ ಕೈಕೊಟ್ಟಾಗ, ಜೊತೆಯವರು ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡ ಸುದ್ದಿ ಬಂದಾಗ, ನಿಮ್ಮನ್ನು ಹಿಡಿದು ನಿಲ್ಲಿಸುವುದು ನಿದ್ದೆಗೆಡಿಸುವ ಒಂದು ಪ್ರಶ್ನೆ ಮಾತ್ರ.

ಸಮಸ್ಯೆಯನ್ನೇ ಪ್ರಶ್ನೆ ಎಂದುಕೊಳ್ಳಬೇಡಿ. ಕುಷ್ಟಗಿ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಇದು ಸಮಸ್ಯೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದೆಂಬ ಮಿತಿಯೂ ಗೊತ್ತು. ಆಲಂ, ಸುಣ್ಣ ಹಾಕಿ ತೆಗೆಯುವ ನಲ್ಗೊಂಡ ವಿಧಾನವೂ ಹಳೆಯದು. ‘ಫ್ಲೋರೈಡ್ ತೆಗೆಯುವುದು ಹೇಗೆ’ ಎಂದು ಹೊರಟರೆ ನೀವು ಸಾಲಿನ ಕೊನೆಯವರು. ಆದರೆ ಆರ್‌ಒ ಘಟಕ ಹೊರಗೆ ಬಿಡುವ ನೀರಿನಲ್ಲಿ ಫ್ಲೋರೈಡ್ ಮತ್ತಷ್ಟು ಹೆಚ್ಚಿರುತ್ತದೆ. ಅದು ಚರಂಡಿಯಲ್ಲಿ ಇಂಗಿ ಅದೇ ಊರಿನ ಬೋರ್‌ವೆಲ್ಲಿಗೆ ಮರಳುತ್ತದೆಯೇ? ಮರಳಿದರೆ ಎಷ್ಟು, ಎಷ್ಟು ಕಾಲದಲ್ಲಿ? ಇದು ಅಳೆದು ಹೇಳಬಹುದಾದ ಪ್ರಶ್ನೆ.

ಗಂಗಾವತಿಯ ಅಕ್ಕಿ ಗಿರಣಿಗಳನ್ನು ನೋಡಿ. ಭತ್ತದ ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೇರಳ, ಸಿಮೆಂಟಿಗೆ ಬೆರೆಸಬಹುದು ಎಂಬುದು ಲೋಕಕ್ಕೆಲ್ಲ ತಿಳಿದದ್ದೇ. ಆದರೆ ಕಾವು ಅತಿಯಾದರೆ ಸಿಲಿಕಾ ಹರಳುಗಟ್ಟಿ, ಸುಣ್ಣದೊಡನೆ ಬೆಸೆಯುವ ಗುಣ ಕುಂದುತ್ತದೆ. ಕಾವು ಏರುಪೇರಾಗುವ ಬಾಯ್ಲರಿನಿಂದ ಬಂದ ಬೂದಿಯಲ್ಲಿ ನಂಬಿಕೆಯ ಕಾಂಕ್ರೀಟ್ ಮಾಡುವುದು ಹೇಗೆ? ಸಿವಿಲ್ ಓದಿದವರಿಗೆ ಅಲ್ಲಿ ಕೆಲಸವಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಚೈನ್ ಕಡಿದು ಕೊಚ್ಚಿಹೋಯಿತು. ಸ್ಟಾಪ್‌ಲಾಗ್ ಇಳಿಸಿ ಮುಚ್ಚುವವರೆಗೆ ನದಿಗೆ ನೀರು ಬಿಡಬೇಕಾಯಿತು, ಎರಡನೇ ಬೆಳೆಯ ರೈತರ ಎದೆ ನಡುಗಿತು. ಅಣೆಕಟ್ಟೆಯಲ್ಲಿರುವುದು 33 ಗೇಟುಗಳು. ಏಳು ದಶಕ ಹಳೆಯ ಸರಪಳಿಯ ಬಿರುಕನ್ನು, ಅದು ಕಡಿಯುವ ಮೊದಲೇ, ಜಲಾಶಯ ಖಾಲಿ ಮಾಡದೆ ಪತ್ತೆಹಚ್ಚುವುದು ಹೇಗೆ? ಮೆಕ್ಯಾನಿಕಲ್ ಓದಿದವರು ಯೋಚಿಸಿ.

ಮಾರ್ಗದರ್ಶಕರನ್ನು ಆರಿಸುವಾಗ ಹೆಸರಿಗೆ ಮರುಳಾಗಬೇಡಿ. ಅವರ ಹತ್ತಿರ ಮುಗಿಸಿದವರನ್ನೂ ನಡುವೆ ಬಿಟ್ಟವರನ್ನೂ ವಿಚಾರಿಸಿ: ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ, ಬರೆದದ್ದನ್ನು ಓದಿ ತಿದ್ದುತ್ತಾರೆಯೇ?

ಮನೆಯ ಸಾಲ ನೆನೆದು ಹಿಂಜರಿಯುವವರಿಗೊಂದು ಮಾತು. ಐಐಟಿ, ಎನ್‌ಐಟಿಗಳಲ್ಲಿ ಪೂರ್ಣಾವಧಿ ಸಂಶೋಧಕರಿಗೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ ಫೆಲೋಶಿಪ್ ನಿಗದಿಯಾಗಿದೆ. ಗೇಟ್ ಪರೀಕ್ಷೆಯ ಅಂಕ ಚೆನ್ನಾಗಿದ್ದರೆ ಬಿ.ಇ. ಮುಗಿಸಿಯೇ ನೇರ ಪಿಎಚ್.ಡಿ. ಸೇರುವ ದಾರಿಯೂ ಉಂಟು. ಧಾರವಾಡದ ಐಐಟಿ ನಮಗೆ ದೂರವಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತ ಬೆಳಗಾವಿಯ ವಿಟಿಯು ಅಡಿ ಅರೆಕಾಲಿಕವಾಗಿ ಮಾಡುವವರು ದಿನದ ಹೊತ್ತನ್ನು ಮೊದಲೇ ಲೆಕ್ಕ ಹಾಕಿರಿ. ಯುಜಿಸಿಯ 2022ರ ನಿಯಮದಲ್ಲಿ ಅವಧಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿಯಾದರೆ ಇನ್ನೆರಡು, ಹೆಣ್ಣುಮಕ್ಕಳಿಗೆ ಅದರ ಮೇಲೂ ಎರಡು ವರ್ಷ ವಿನಾಯಿತಿ. ತಂಗೀ, ಲಗ್ನ, ಬಾಣಂತನ ಎಂದು ಕೈಬಿಡುವ ಮುನ್ನ ಇದನ್ನು ಮನೆಯವರಿಗೆ ತೋರಿಸವ್ವ.

ದುಡ್ಡು ಕೊಟ್ಟರೆ ಪೇಪರ್ ಅಚ್ಚು ಹಾಕುವವರು, ಪ್ರಬಂಧವನ್ನೇ ಬರೆದುಕೊಡುವವರು ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ, ಹತ್ತಿರ ಸೇರಿಸಬೇಡಿ. ಬಂದ ಅಳತೆಯನ್ನು ಬಂದಂತೆಯೇ ಬರೆಯಿರಿ. ನಿಮ್ಮ ಊಹೆ ಸುಳ್ಳಾದರೆ ಅದೂ ಒಂದು ಫಲಿತಾಂಶವೇ.

ಕನ್ನಡ ಮಾಧ್ಯಮದಲ್ಲಿ ಓದಿದವನು, ಇಂಗ್ಲಿಷಿನಲ್ಲಿ ಬರೆಯಲಾದೀತೇ ಎಂಬ ಅಂಜಿಕೆಯೂ ಬೇಡ. ನಿಮ್ಮ ಪ್ರಶ್ನೆಯನ್ನು ಊರಿನ ಶುದ್ಧ ನೀರಿನ ಘಟಕ ನೋಡಿಕೊಳ್ಳುವವನಿಗೆ ಕನ್ನಡದಲ್ಲೇ ತಿಳಿಸಿ. ಅವನು ಮರುಪ್ರಶ್ನೆ ಹಾಕಿದರೆ ವಿಷಯ ನಿಮಗೆ ಅರ್ಥವಾಗಿದೆ ಎಂದೇ ಲೆಕ್ಕ. ಇಂಗ್ಲಿಷನ್ನು ಬರೆಯುತ್ತ ಬರೆಯುತ್ತ ಕಲಿಯಬಹುದು.

ಸಂವಿಧಾನದ 371(ಜೆ) ವಿಧಿ ನಮ್ಮ ಭಾಗದವರಿಗೆ ಸೀಟು, ನೌಕರಿಯ ದಾರಿ ತೆರೆದಿದೆ. ಪ್ರಶ್ನೆಯನ್ನು ನಾವೇ ಹುಡುಕಬೇಕು. ಅರ್ಜಿ ತುಂಬುವ ಮುನ್ನ ಒಂದು ಹಾಳೆಯಲ್ಲಿ ಬರೆಯಿರಿ: ಇಲ್ಲಿಯವರೆಗೆ ಯಾರಿಗೂ ಗೊತ್ತಿಲ್ಲದ್ದು ಏನು, ಅದನ್ನು ನಾನು ಅಳೆಯುವುದು ಹೇಗೆ, ತಿಳಿದರೆ ಯಾರಿಗೆ ಉಪಯೋಗ. ಮೂರಕ್ಕೂ ಉತ್ತರ ಸಿಕ್ಕ ದಿನ ಅರ್ಜಿ ಹಾಕಿರಿ, ಅಲ್ಲಿಯವರೆಗೆ ಆತುರ ಬೇಡ.