ಬಿಸಿ ಮೇಣದಿಂದ ಬೆರಳು ಸಡಿಲವಾಗುತ್ತದೆಯೇ?

ಪ್ರಶ್ನೆ: ನಮ್ಮ ಅತ್ತಿಗೆಗೆ ಸಿಸ್ಟಮಿಕ್ ಸ್ಕ್ಲೀರೋಸಿಸ್. ಬೆರಳುಗಳು ಬಿಗಿದು ಅನ್ನ ಕಲಸುವುದೂ ಕಷ್ಟವಾಗಿದೆ. ವ್ಯಾಕ್ಸ್ ಉಪಚಾರ ಮಾಡಿಸಿ ಎಂದಿದ್ದಾರೆ. ಮೇಣ ಈ ಕಾಯಿಲೆಗೆ ಮದ್ದಾಗುತ್ತದೆಯೇ?

ಉತ್ತರ: ಕಾಯಿಲೆಗೆ ಮದ್ದಲ್ಲ, ಆದರೆ ಕೈಗೆ ಉಪಕಾರವಿದೆ. ಕಾಯಿಲೆಯನ್ನು ಹತೋಟಿಗೆ ತರುವುದು ರುಮಟಾಲಜಿಸ್ಟ್ ಕೊಡುವ ಔಷಧಿಯ ಕೆಲಸ. ಆದರೆ ಈ ಕಾಯಿಲೆಯಲ್ಲಿ ಚರ್ಮ ಬಿಗಿದು ಕೀಲುಗಳು ಅಲುಗಾಡದೆ ಉಳಿದರೆ ಸುತ್ತಲಿನ ಅಂಗಾಂಶವೂ ಮೊಟಕಾಗುತ್ತಾ ಹೋಗುತ್ತದೆ. ಬುಡದ ಗೆಣ್ಣು ಮಡಚದು, ನಡುಗೆಣ್ಣು ನೆಟ್ಟಗಾಗದು; ಹೆಬ್ಬೆರಳು ಒಳಸರಿದು ಲೋಟ ಹಿಡಿಯಲೂ ಎಡೆ ಸಾಲದು. ಹೀಗೆ ಗಟ್ಟಿಯಾಗಿ ಕೂತ ಕೀಲನ್ನು ಆಮೇಲೆ ಬಿಡಿಸುವುದು ತೀರಾ ಕಷ್ಟ. ಆದ್ದರಿಂದ ಈಗಲೇ ಶುರುಮಾಡಿ.

ವ್ಯಾಕ್ಸ್ ಎಂದರೆ ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯ ಪ್ಯಾರಾಫಿನ್ ಮೇಣ. ಕೈಯನ್ನು ಹಲವು ಸಲ ಅದ್ದಿ, ಪದರ ಕಟ್ಟಿದ ಮೇಲೆ ಟವೆಲ್ ಸುತ್ತಿ ಸ್ವಲ್ಪ ಹೊತ್ತು ಬಿಡುತ್ತಾರೆ. 2004ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನದಲ್ಲಿ 17 ರೋಗಿಗಳು ಎರಡೂ ಕೈಗಳಿಗೆ ವ್ಯಾಯಾಮ ಮಾಡಿದರು, ಮೇಣದ ಉಪಚಾರ ಮಾತ್ರ ಒಂದೇ ಕೈಗೆ. ತಿಂಗಳ ಕೊನೆಗೆ ಮೇಣ ಕಂಡ ಕೈಯೇ ಹೆಚ್ಚು ಸಡಿಲವಾಗಿತ್ತು. ಸಣ್ಣ ಅಧ್ಯಯನವೇ ಸರಿ, ಆದರೂ ಅದೇ ವ್ಯಕ್ತಿಯ ಇನ್ನೊಂದು ಕೈಯೊಡನೆ ಹೋಲಿಸಿದ್ದು ನನಗೆ ಮೆಚ್ಚಿಗೆಯಾಯಿತು.

ಮೇಣ ಬಿಡಿಸಿದ ಕೂಡಲೇ, ಕೈ ಇನ್ನೂ ಬೆಚ್ಚಗಿರುವಾಗ, ಬೆರಳುಗಳನ್ನು ಎಳೆದು ಮಡಚಬೇಕು. ಬರೀ ಮೇಣ ಹಾಕಿಸಿಕೊಂಡು ಎದ್ದು ಬಂದರೆ ಅರ್ಧ ಕೆಲಸ ಬಾಕಿ. 2006ರ ಜಪಾನಿನ ಅಧ್ಯಯನದಲ್ಲಿ ರೋಗಿಗಳು ತಾವೇ ಒಂದೊಂದು ಬೆರಳನ್ನೂ 10 ಸೆಕೆಂಡು ಎಳೆದು ಹಿಡಿಯುತ್ತಿದ್ದರು, ದಿನವೂ ಹಲವು ಬಾರಿ. ತಿಂಗಳೊಳಗೇ ಕೀಲುಗಳ ಚಲನೆ ಹೆಚ್ಚಿತು, ವರ್ಷದವರೆಗೂ ಉಳಿಯಿತು. ಮೇಣ ಸಿಗದ ದಿನವೂ ಇದನ್ನು ಬಿಡಬಾರದು. ಎಳೆತ ತಿಳಿಯಬೇಕು, ನೋವು ಚುಚ್ಚಬಾರದು; ಮನೆಯವರು ಬಲವಂತವಾಗಿ ಎಳೆಯುವುದಂತೂ ಬೇಡ. ಸ್ಪ್ರಿಂಗ್ ಇರುವ ಸ್ಪ್ಲಿಂಟುಗಳು ಈ ಕಾಯಿಲೆಯಲ್ಲಿ ಹೆಚ್ಚು ಫಲ ಕೊಟ್ಟಿಲ್ಲ.

ಬೆರಳ ತುದಿಯಲ್ಲಿ ಹುಣ್ಣು, ಕೀವು ಇದ್ದರೆ ಮೇಣಕ್ಕೆ ಅದ್ದಲೇಬೇಡಿ. ಸ್ಪರ್ಶ ಮಂದವಾಗಿದ್ದರೂ ಮೊದಲೇ ಹೇಳಿ, ಸುಟ್ಟದ್ದು ಗೊತ್ತಾಗದು. ಒಲೆಯ ಮೇಲೆ ಮೇಣ ಕರಗಿಸಿ ಅಂದಾಜಿನಲ್ಲಿ ಕೈ ಅದ್ದುವುದು ಅಪಾಯ. ತಣ್ಣೀರಿಗೆ, ಫ್ರಿಜ್ಜಿಗೆ ಕೈ ಹಾಕುವಾಗ ಬೆರಳು ಬಿಳುಚಿ ನೀಲಿಯಾಗುತ್ತದಾದರೆ ಗ್ಲೌಸ್ ಇರಲಿ.

ತಿಂಗಳಿಗೊಮ್ಮೆ ಅತ್ತಿಗೆಯ ಗೇಣನ್ನು ಟೇಪಿನಿಂದ ಅಳೆದು ಬರೆದಿಡಿ. ಅಳತೆ ಕಡಿಮೆಯಾಗುತ್ತಿದ್ದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಡಾಕ್ಟರಿಗೆ ತಿಳಿಸಿ.